ಕೊಡುವ ಭರವಸೆ, ಇಡುವ ಭರವಸೆ

ಭಾನುವಾರ ಬೆಳಗಿನ ಪೂಜೆ ಮುಗಿದ ಮೇಲೆ ನಮ್ಮ ಚರ್ಚಿನ ಹಿಂದಿನ ಹಾಲ್‌ನಲ್ಲಿ ಒಂದು ಗಂಟೆ ಧರ್ಮೋಪದೇಶದ ಕ್ಲಾಸ್ ಇರುತ್ತದೆ. ಎಂಟು, ಒಂಬತ್ತನೇ ತರಗತಿಯ ಹದಿನಾಲ್ಕು ಮಕ್ಕಳು, ದೃಢೀಕರಣ ಸಂಸ್ಕಾರಕ್ಕೆ ತಯಾರಾಗುತ್ತಿರುವವರು. ಪಾಠ ಮಾಡುವವಳು ನಾನು. ವಾರದ ಐದು ದಿನ ಸಾಫ್ಟ್‌ವೇರ್ ಟೆಸ್ಟಿಂಗ್, ಆರನೇ ದಿನ ನಿದ್ದೆ, ಏಳನೇ ದಿನ ಈ ಮಕ್ಕಳು. ನಾಲ್ಕು ವರ್ಷದಿಂದ ಇದೇ ಲೆಕ್ಕ.

2025ರ ತಪಸ್ಸುಕಾಲದ ಎರಡನೇ ಭಾನುವಾರ ಕ್ಲಾಸ್ ಮುಗಿಸಿ ಬೋರ್ಡ್ ಒರೆಸ್ತಾ ಇದ್ದೆ. ಹಿಂದಿನ ಬೆಂಚಿನ ಹುಡುಗ ಒಬ್ಬ ಎಲ್ಲರೂ ಹೊರಟ ಮೇಲೂ ನಿಂತೇ ಇದ್ದ.

"ಮಿಸ್, ಪ್ರಾರ್ಥನೆ ಮಾಡಿದ್ರೆ ಕೆಲಸ ಸಿಗುತ್ತಾ?"

"ಯಾರಿಗೋ?"

"ಅಪ್ಪನಿಗೆ. ಹೋದ ತಿಂಗಳು ತೆಗೆದುಬಿಟ್ರು."

ಅದು ಜ್ಯೂಬಿಲಿ ವರ್ಷ. ಪೋಪ್ ಫ್ರಾನ್ಸಿಸ್ ಆ ವರ್ಷಕ್ಕೆ ಕೊಟ್ಟ ಧ್ಯೇಯವಾಕ್ಯ 'ಭರವಸೆಯ ಯಾತ್ರಿಕರು'. ಅದರ ಬ್ಯಾನರ್ ನನ್ನ ತಲೆಯ ಹಿಂದೆಯೇ ಗೋಡೆ ಮೇಲೆ ತೂಗ್ತಾ ಇತ್ತು. ನಾನು ಒಂದು ಸೆಕೆಂಡೂ ಯೋಚನೆ ಮಾಡಲಿಲ್ಲ. "ಖಂಡಿತ ಸಿಗುತ್ತೆ ಕಣೋ. ದಿನಾ ಪ್ರಾರ್ಥನೆ ಮಾಡು, ನಂಬಿಕೆ ಇಟ್ಕೋ" ಅಂದೆ. ಹುಡುಗ ತಲೆಯಾಡಿಸಿ ಹೋದ. ಹೋಗುವಾಗ ಅವನ ಮುಖ ಹಗುರಾಗಿತ್ತು, ಅದನ್ನು ನೋಡಿ ನನಗೂ ಸ್ವಲ್ಪ ಖುಷಿಯಾಯ್ತು.

ಅವನಿಗೆ ಗೊತ್ತಿಲ್ಲದ ವಿಷಯ ಒಂದಿತ್ತು. ಐದು ದಿನದ ಹಿಂದೆ, ಮಂಗಳವಾರ ಮಧ್ಯಾಹ್ನ, ನನ್ನ ಕೆಲಸವೂ ಹೋಗಿತ್ತು. ಹದಿನೈದು ನಿಮಿಷದ ಮೀಟಿಂಗ್. ಎಚ್.ಆರ್. ಒಂದು ಕಾಗದ ನೋಡಿಕೊಂಡು ಓದಿದರು, ನನ್ನ ಮ್ಯಾನೇಜರ್ ಕ್ಯಾಮೆರಾ ಆಫ್ ಮಾಡಿಕೊಂಡು ಕೂತಿದ್ದರು. ಮೂರು ತಿಂಗಳ ಸಂಬಳ ಕೊಡ್ತೀವಿ, ಲ್ಯಾಪ್‌ಟಾಪ್ ಶುಕ್ರವಾರದೊಳಗೆ ವಾಪಸ್ ಕೊಡಿ. ಸಂಜೆ ಐದಕ್ಕೆ ಮೇಲ್ ತೆರೆಯೋಕೆ ಹೋದರೆ ಪಾಸ್‌ವರ್ಡ್ ತಪ್ಪು ಅಂತ ಬಂತು. ಹಾಸನದಲ್ಲಿರುವ ಅಪ್ಪ ಅಮ್ಮನಿಗೆ ಹೇಳಿರಲಿಲ್ಲ. ಅವರ ಮನೆಗೆ ತೆಗೆದ ಸಾಲದ ಕಂತು ಪ್ರತಿ ತಿಂಗಳು ಐದನೇ ತಾರೀಕು ನನ್ನ ಅಕೌಂಟಿನಿಂದ ಹೋಗುತ್ತೆ.

ಅಂದರೆ, ಪ್ರಾರ್ಥನೆ ಮಾಡಿದರೆ ಕೆಲಸ ಸಿಗುತ್ತಾ ಅಂತ ಗೊತ್ತಿಲ್ಲದ ಒಬ್ಬಳು, ಗೊತ್ತಿಲ್ಲದೆ ಐದು ರಾತ್ರಿ ನಿದ್ದೆಗೆಟ್ಟಿದ್ದ ಒಬ್ಬಳು, ಹದಿಮೂರು ವರ್ಷದ ಹುಡುಗನಿಗೆ "ಖಂಡಿತ" ಅಂದಿದ್ದಳು.

ನಾಲ್ಕು ವಾರ ಕಳೆದು ಗರಿಗಳ ಭಾನುವಾರ ಬಂತು. ಮಕ್ಕಳೆಲ್ಲ ಕೈಯಲ್ಲಿ ತೆಂಗಿನ ಗರಿ ಹಿಡಿದು, ಅದರಲ್ಲೇ ಶಿಲುಬೆ ಹೆಣೆಯುತ್ತಾ ಕೂತಿದ್ದರು. ಕ್ಲಾಸ್ ಮುಗಿದ ಮೇಲೆ ಅವನು ಮತ್ತೆ ಬಂದು ನಿಂತ.

"ಮಿಸ್, ಸಿಕ್ಕಿಲ್ಲ."

ಅಷ್ಟೇ. ದೂರಿನ ದನಿ ಇರಲಿಲ್ಲ. ವರದಿ ಒಪ್ಪಿಸುವವನ ಹಾಗೆ ಹೇಳಿದ. ನನ್ನ ವೃತ್ತಿಯ ಭಾಷೆಯಲ್ಲಿ ಹೇಳಬೇಕಂದ್ರೆ, ಅವನು ಒಂದು ಬಗ್ ತಂದಿದ್ದ, ನಾನು ಟೆಸ್ಟ್ ಮಾಡದೇ ಕ್ಲೋಸ್ ಮಾಡಿದ್ದೆ, ಈಗ ಅವನು ಅದನ್ನು ಮತ್ತೆ ತೆರೆದು ನನ್ನ ಮುಂದೆ ಇಟ್ಟಿದ್ದ. "ಮುಂದಿನ ವಾರ ಮಾತಾಡೋಣ" ಅಂದೆ. ಮುಂದಿನ ವಾರ ಪಾಸ್ಖ ಹಬ್ಬ, ಕ್ಲಾಸ್ ಇಲ್ಲ ಅಂತ ಅವನೇ ನೆನಪಿಸಿದ. ಎರಡು ವಾರ ಸಮಯ ಸಿಕ್ಕಿತು.

ಆ ಎರಡು ವಾರ ನನ್ನ ತಲೆಯಲ್ಲಿ ಕೊರೆದ ಪ್ರಶ್ನೆ ಇದು: ನಾಳೆ ಏನಾಗುತ್ತೆ ಅಂತ ಗೊತ್ತಿಲ್ಲದಾಗ, ನಂಬಿಕೆ ಇರುವವರು ಇನ್ನೊಬ್ಬರಿಗೆ ಪ್ರಾಮಾಣಿಕವಾಗಿ ಏನು ಹೇಳಬಹುದು? ಭರವಸೆ ಅನ್ನೋದು ಒಳ್ಳೆ ಉದ್ದೇಶದ ಸುಳ್ಳೇ?

ನನ್ನ ಜೊತೆಗೇ ಕೆಲಸ ಕಳೆದುಕೊಂಡ ಗೆಳತಿ ಒಬ್ಬಳಿದ್ದಾಳೆ. ದೇವರು ದಿಂಡರು ಅಂದರೆ ಅವಳಿಗೆ ಆಗಲ್ಲ. ಆ ವಾರ ದರ್ಶಿನಿಯೊಂದರಲ್ಲಿ ಒಂದು ಕಾಫಿಯನ್ನು ಬೈ ಟೂ ಮಾಡಿಸಿ ನಿಂತಿದ್ದಾಗ ಅವಳಿಗೆ ಇದನ್ನೆಲ್ಲ ಹೇಳಿದೆ. ಅವಳು ನಗಲಿಲ್ಲ. "ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ನೀನು ನಿಜವಾಗಿ ನಂಬ್ತೀಯೋ, ಇಲ್ಲಾ ನಿದ್ದೆ ಬರಲಿ ಅಂತ ನಂಬ್ತೀಯೋ?" ಅಂದಳು.

ಬೇಜಾರಾಯಿತು. ಯಾಕಂದರೆ ಉತ್ತರ ನನಗೆ ಗೊತ್ತಿತ್ತು. ಆ ಒಂದು ತಿಂಗಳು ನಾನು ಪ್ರತಿ ಗುರುವಾರ ವಿವೇಕನಗರದ ಬಾಲಯೇಸು ದೇವಾಲಯಕ್ಕೆ ಹೋಗ್ತಾ ಇದ್ದೆ. ಬೆಂಗಳೂರಿನವರಿಗೆ ಆ ಗುರುವಾರದ ಜನಸಂದಣಿ ಗೊತ್ತು. ಕ್ರೈಸ್ತರು, ಹಿಂದೂಗಳು, ಮುಸ್ಲಿಮರು ಎಲ್ಲ ಬರ್ತಾರೆ, ಮೇಣದ ಬತ್ತಿ ಹಚ್ಚುತ್ತಾರೆ, ತಮ್ಮ ತಮ್ಮ ಕಷ್ಟ ಹೇಳಿಕೊಳ್ಳುತ್ತಾರೆ. ಅವರ ಭಕ್ತಿಯ ಬಗ್ಗೆ ನನಗೆ ಯಾವ ತಕರಾರೂ ಇಲ್ಲ, ನನ್ನದರ ಬಗ್ಗೆ ಮಾತ್ರ ಇದೆ. ನಾನು ಬೆಳಗ್ಗೆ ಜಾಬ್ ಪೋರ್ಟಲ್‌ನಲ್ಲಿ ಹತ್ತು ಕಡೆ ಅಪ್ಲೈ ಮಾಡಿ, ಸಂಜೆ ಅಲ್ಲಿ ಹೋಗಿ ಹನ್ನೊಂದನೇ ಅರ್ಜಿ ಹಾಕ್ತಾ ಇದ್ದೆ. ಒಂಬತ್ತು ವಾರದ ನವೇನಾ ಮುಗಿಯುವುದರೊಳಗೆ ಆಫರ್ ಲೆಟರ್ ಬರಬೇಕು ಅನ್ನೋ ಷರತ್ತು ನನ್ನ ಮನಸ್ಸಿನಲ್ಲಿತ್ತು. ಬಾಯಲ್ಲಿ ಜಪ, ತಲೆಯಲ್ಲಿ ಡೆಡ್‌ಲೈನ್.

ಅದಕ್ಕೆ ಸರಿಯಾಗಿ ಫೋನಿನ ತುಂಬ ಧೈರ್ಯದ ಮಾತುಗಳು. ದೇವರು ಒಂದು ಬಾಗಿಲು ಮುಚ್ಚಿದರೆ ಹತ್ತು ಕಿಟಕಿ ತೆರೀತಾನಂತೆ. ಯಾವುದೋ ವಿಡಿಯೋದಲ್ಲಿ ಕೋಟು ಹಾಕಿದ ಬೋಧಕರೊಬ್ಬರು ಈ ತಿಂಗಳು ನಿಮ್ಮ ಪ್ರಮೋಷನ್ ತಿಂಗಳು ಅಂತ ಘೋಷಿಸಿದರು. ಕೆಲಸ ಹೋಗಿದ್ದನ್ನೇ 'ಹೊಸ ಅಧ್ಯಾಯ' ಅಂತ ಬರೆದುಕೊಂಡ ಸಹೋದ್ಯೋಗಿಗಳ ಪೋಸ್ಟುಗಳಿಗೆ ನಾನೂ ಲೈಕ್ ಒತ್ತಿದೆ. ಇವೆಲ್ಲ ಹೇಳುವುದು ಒಂದೇ ಮಾತು: ಎಲ್ಲ ಸರಿಹೋಗುತ್ತೆ, ಬೇಗ ಸರಿಹೋಗುತ್ತೆ. ನಾನು ಹುಡುಗನಿಗೆ ಹೇಳಿದ್ದೂ ಅದನ್ನೇ.

ಪವಿತ್ರ ವಾರದಲ್ಲಿ ಪಾಠಕ್ಕೆ ತಯಾರಿ ಅಂತ ಯೆರೆಮೀಯ ಪ್ರವಾದಿಯ ಗ್ರಂಥ ತೆಗೆದೆ. ಕೈಯಲ್ಲಿ ಬೇರೆ ಕೆಲಸವೂ ಇರಲಿಲ್ಲ, ಪೂರ್ತಿ ಓದಿದೆ. ಅಲ್ಲಿ, 28ನೇ ಅಧ್ಯಾಯದಲ್ಲಿ, ಆ ಕೋಟಿನ ಬೋಧಕರು ಸಿಕ್ಕಿದರು. ಅವರ ಹೆಸರು ಹನನ್ಯ.

ಸಂದರ್ಭ ಹೀಗಿದೆ. ಕ್ರಿಸ್ತಪೂರ್ವ ಆರನೇ ಶತಮಾನದ ಆರಂಭ. ಬಾಬಿಲೋನಿನ ರಾಜ ನೆಬೂಕದ್ನೆಚ್ಚರ ಆಗಲೇ ಒಂದು ಸಲ ಜೆರುಸಲೇಮಿಗೆ ಬಂದು, ದೇವಾಲಯದ ಪಾತ್ರೆಗಳನ್ನೂ ರಾಜನನ್ನೂ ಕಸುಬುದಾರರನ್ನೂ ಹಿಡಿದುಕೊಂಡು ಹೋಗಿದ್ದಾನೆ. ಉಳಿದವರಿಗೆ ಮುಂದೇನು ಅಂತ ಗೊತ್ತಿಲ್ಲ. ಆಗ ಹನನ್ಯ ಎಲ್ಲರ ಮುಂದೆ ನಿಂತು, ಇನ್ನೆರಡೇ ವರ್ಷ, ಹೋದವರೆಲ್ಲ ವಾಪಸ್ ಬರ್ತಾರೆ, ಪಾತ್ರೆಗಳೂ ಬರ್ತವೆ ಅಂತ ದೇವರ ಹೆಸರಿನಲ್ಲೇ ಸಾರುತ್ತಾನೆ. ಯೆರೆಮೀಯ ಕುತ್ತಿಗೆಗೆ ಮರದ ನೊಗ ಹಾಕಿಕೊಂಡು ಓಡಾಡುತ್ತಿದ್ದ, ಬಾಬಿಲೋನಿನ ನೊಗ ಬರ್ತಾ ಇದೆ ಅಂತ ತೋರಿಸಲು. ಹನನ್ಯ ಆ ನೊಗ ಕಿತ್ತು ಮುರಿದೂ ಹಾಕಿದ. ಜನರಿಗೆ ಯಾರು ಇಷ್ಟವಾಗಿರಬಹುದು ಹೇಳಿ?

ಯೆರೆಮೀಯ ಆಮೇಲೆ ಗಡಿಪಾರಾದವರಿಗೆ ಒಂದು ಪತ್ರ ಬರೆಯುತ್ತಾನೆ. ಅದರಲ್ಲಿ ಎರಡು ವರ್ಷ ಇಲ್ಲ, ಎಪ್ಪತ್ತು ವರ್ಷ ಇದೆ. ಓದುವವರಲ್ಲಿ ಬಹುಪಾಲು ಜನ ಅಷ್ಟು ದಿನ ಬದುಕಿರುವುದಿಲ್ಲ ಅಂತ ಅರ್ಥ. ಆದ್ದರಿಂದ ಅಲ್ಲೇ ಮನೆ ಕಟ್ಟಿಕೊಳ್ಳಿ, ತೋಟ ಹಾಕಿ, ಮಕ್ಕಳಿಗೆ ಮದುವೆ ಮಾಡಿ, ನಿಮ್ಮನ್ನು ಎಳೆದುಕೊಂಡು ಹೋದ ಆ ಊರಿನ ಒಳ್ಳೆಯದಕ್ಕೇ ಪ್ರಾರ್ಥನೆ ಮಾಡಿ ಅನ್ನುತ್ತಾನೆ. ನಮ್ಮ ಕಡೆ ಫ್ರೇಮ್ ಹಾಕಿಸಿ ಗೋಡೆಗೆ ನೇತುಹಾಕುವ ಒಂದು ವಚನ ಇದೇ ಪತ್ರದ್ದು, ನಿಮ್ಮ ಭವಿಷ್ಯದ ಬಗ್ಗೆ ನನಗೆ ಒಳ್ಳೆಯ ಯೋಜನೆಗಳಿವೆ ಅಂತ ದೇವರು ಹೇಳುವ ವಚನ. ಅದರ ಹಿಂದಿನ ಸಾಲಿನಲ್ಲೇ ಇರುವ ಎಪ್ಪತ್ತು ವರ್ಷ ಫ್ರೇಮಿನೊಳಗೆ ಬರೋದಿಲ್ಲ.

ಇದನ್ನು ಓದುವಾಗ ನನಗೆ ನಮ್ಮಜ್ಜಿ ನೆನಪಾದರು. ಅಮ್ಮನ ಅಮ್ಮ, ಶೆಟ್ಟಿಹಳ್ಳಿಯವರು.

ಶೆಟ್ಟಿಹಳ್ಳಿ ಅಂದರೆ ನಿಮಗೆ ಗೊತ್ತೇ ಇರುತ್ತೆ. ಹಾಸನದಿಂದ ಇಪ್ಪತ್ತು ಕಿಲೋಮೀಟರ್ ಆಸುಪಾಸಿನಲ್ಲಿ, ಹೇಮಾವತಿಯ ಹಿನ್ನೀರಿನಲ್ಲಿ ನಿಂತಿರುವ ಚಾವಣಿ ಇಲ್ಲದ ಹಳೇ ಚರ್ಚು. ಹತ್ತೊಂಬತ್ತನೇ ಶತಮಾನದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ ಜಪಮಾಲೆ ಮಾತೆಯ ದೇವಾಲಯ. ಗೊರೂರಿನಲ್ಲಿ ಅಣೆಕಟ್ಟು ಕಟ್ಟಿದಾಗ ಸುತ್ತಲಿನ ಹಳ್ಳಿಗಳ ಜೊತೆ ಅದೂ ನೀರಿಗೆ ಹೋಯ್ತು. ಮಳೆಗಾಲದಲ್ಲಿ ಅರ್ಧ ಮುಳುಗಿರುತ್ತೆ, ಬೇಸಿಗೆಯಲ್ಲಿ ನೀರು ಇಳಿದರೆ ಒಳಗೆ ನಡೆದುಕೊಂಡು ಹೋಗಬಹುದು. ಈಗ ಅಲ್ಲಿ ಪ್ರೀ ವೆಡ್ಡಿಂಗ್ ಶೂಟ್ ನಡೆಯುತ್ತವೆ.

ನಾನು ಇಂಜಿನಿಯರಿಂಗ್ ಓದುವಾಗ ಒಂದು ಆಗಸ್ಟ್ ತಿಂಗಳಲ್ಲಿ ಗೆಳತಿಯರನ್ನು ಕರೆದುಕೊಂಡು ಹೋಗಿದ್ದೆ. ದಾರಿಯಲ್ಲಿ ಅಜ್ಜಿ ಮನೆಯಲ್ಲಿ ತಿಂಡಿ. "ಅಜ್ಜಿ, ನಿಮ್ಮ ಚರ್ಚು ಈಗ ಫೇಮಸ್ಸು. ತೇಲುವ ಚರ್ಚು ಅಂತ ನೆಟ್ಟಲ್ಲಿ ಎಲ್ಲ ಕಡೆ ಫೋಟೋ ಐತೆ" ಅಂತ ಹೆಮ್ಮೆಯಿಂದ ತೋರಿಸಿದೆ. ಅಜ್ಜಿ ಫೋನು ದೂರ ಹಿಡಿದು, ಕಣ್ಣು ಕಿರಿದು ಮಾಡಿ ನೋಡಿದರು. ತುಂಬ ಹೊತ್ತು ನೋಡಿದರು. ಅವರ ಮದುವೆ ಆಗಿದ್ದು ಅಲ್ಲೇ, ಅಮ್ಮನ ಜ್ಞಾನಸ್ನಾನ ಆಗಿದ್ದೂ ಅಲ್ಲೇ.

"ತೇಲ್ತಾ ಇಲ್ಲ ಕಣ್ ಮಗಾ, ಮುಳುಗೈತೆ" ಅಂದರು. ಫೋನು ವಾಪಸ್ ಕೊಟ್ಟು, ಇನ್ನೊಂದು ರೊಟ್ಟಿ ಹಾಕ್ಲಾ ಅಂತ ಕೇಳಿದರು.

ಅಂದು ನನಗೆ ಪೆಚ್ಚೆನಿಸಿತ್ತು. ಆಮೇಲೆ ಯಾವಾಗಲೋ ಅವರೇ ಬಿಡಿಬಿಡಿಯಾಗಿ ಹೇಳಿದರು. ನೀರು ಇಲ್ಲಿಗಂಟ ಬರಾಕಿಲ್ಲ ಅಂತ ಧೈರ್ಯ ಹೇಳುವವರು ಊರಲ್ಲಿ ಇದ್ದರಂತೆ. ಆ ಮಾತು ನಂಬಿ ಕೊನೇ ಗಳಿಗೆವರೆಗೂ ಕದಲದೇ ಕೂತವರು ಅವಸರದಲ್ಲಿ ಅರ್ಧ ಸಾಮಾನು ಬಿಟ್ಟು ಹೊರಟರಂತೆ. ತಾತ ಮಾತ್ರ ನೀರು ಬರೋದು ಬರೋದೇ ಅಂತ ಹೇಳಿ, ಹೊಸ ಜಾಗದಲ್ಲಿ ಮನೆಗೆ ಗೋಡೆ ಏಳುವ ಮೊದಲೇ ಹನ್ನೆರಡು ತೆಂಗಿನ ಸಸಿ ನೆಟ್ಟರಂತೆ. ಹೊಸ ಜಾಗ ಬರೀ ಕಲ್ಲು, ನೀರಿಗೆ ಅರ್ಧ ಮೈಲಿ. "ನೀರು ಹೊತ್ತೂ ಹೊತ್ತೂ ನನ್ ಸೊಂಟ ಹೋಯ್ತು" ಅಂತ ಅಜ್ಜಿ ಬೈಯುತ್ತಲೇ ಹೇಳಿದರು. ಹನ್ನೆರಡರಲ್ಲಿ ಉಳಿದದ್ದು ಐದು. ಫಸಲು ನೋಡುವಷ್ಟು ದಿನ ತಾತ ಇರಲಿಲ್ಲ.

ಮುಳುಗಿದ್ದನ್ನು ಮುಳುಗಿದೆ ಅಂತಲೇ ಕರೆದ ಇವರಿಬ್ಬರಿಗೂ ನಂಬಿಕೆ ಕಡಿಮೆ ಇತ್ತು ಅಂತ ಯಾರೂ ಹೇಳಲಾರರು. ರಾತ್ರಿ ಜಪಸರ ಹೇಳದೆ ಅಜ್ಜಿ ಊಟಕ್ಕೆ ಕೂತಿದ್ದನ್ನು ನಾನು ನೋಡಿಲ್ಲ. ಧೈರ್ಯದ ಮಾತಿಗೂ ಭರವಸೆಗೂ ಇರುವ ದೂರ ಎಷ್ಟು ಅಂತ ನನಗೆ ಮೊದಲು ಕಂಡದ್ದು ಇವರಲ್ಲಿ. ಅದಕ್ಕೆ ಹೆಸರಿಡಲು ಮಾತ್ರ ಇಷ್ಟು ವರ್ಷ ಬೇಕಾಯ್ತು.

ಕನ್ನಡದಲ್ಲಿ 'ಭರವಸೆ' ಪದವನ್ನು ನಾವು ಎರಡು ಥರ ಬಳಸ್ತೀವಿ. ಭರವಸೆ ಕೊಡ್ತೀವಿ, ಭರವಸೆ ಇಡ್ತೀವಿ. ಎಲೆಕ್ಷನ್‌ನಲ್ಲಿ ನಿಂತವರು ಭರವಸೆ ಕೊಡ್ತಾರೆ. ಬಿಲ್ಡರ್ ಬ್ರೋಷರಿನಲ್ಲಿ ಕೊಡ್ತಾನೆ. ಹನನ್ಯ ಕೊಟ್ಟ, ನಾನೂ ಆ ಹುಡುಗನಿಗೆ ಕೊಟ್ಟೆ. ಕೊಡಬೇಕಾದರೆ ಅದು ನಮ್ಮ ಕೈಯಲ್ಲಿ ಇರಬೇಕು. ಅವನಪ್ಪನ ಕೆಲಸ ನನ್ನ ಕೈಯಲ್ಲಿ ಇರಲಿಲ್ಲ, ದೇವರು ಏನು ಮಾಡ್ತಾರೆ ಅನ್ನೋದೂ ನನ್ನ ಕೈಯಲ್ಲಿಲ್ಲ. ದೇವರ ಪರವಾಗಿ ಸಹಿ ಹಾಕೋಕೆ ನನಗೆ ಯಾರೂ ಅಧಿಕಾರ ಕೊಟ್ಟಿರಲಿಲ್ಲ.

'ಇಡೋದು' ಬೇರೆ ಕ್ರಿಯೆ. ಹಣ ಇಡ್ತೀವಿ, ಹೆಜ್ಜೆ ಇಡ್ತೀವಿ, ಎದುರಿಗಿರುವವರ ತಟ್ಟೆಯಲ್ಲಿ ಊಟ ಇಡ್ತೀವಿ. ಏನನ್ನಾದರೂ ಇಡಬೇಕು ಅಂದರೆ ನಮ್ಮ ಕೈಯಲ್ಲಿರುವುದನ್ನು ಬಿಡಬೇಕು. ಏನಾಗುತ್ತೋ ಅನ್ನುವ ಅನುಮಾನ ಇದ್ದಾಗಲೂ ಇಡಬಹುದು. ಅನುಮಾನವೇ ಇಲ್ಲದ ಕಡೆ ಭರವಸೆ ಇಡುವ ಪ್ರಶ್ನೆಯೇ ಬರೋದಿಲ್ಲ.

ಯೆರೆಮೀಯ ಇಟ್ಟ. ಅದು 32ನೇ ಅಧ್ಯಾಯ, ಇಡೀ ಬೈಬಲ್‌ನಲ್ಲಿ ನಮ್ಮಂಥ ಸೈಟು, ಖಾತೆ, ಇಎಂಐ ಜನಕ್ಕೆ ಇಷ್ಟು ಹತ್ತಿರದ ಅಧ್ಯಾಯ ಇನ್ನೊಂದಿರಲಾರದು. ಈಗ ಬಾಬಿಲೋನಿನ ಸೈನ್ಯ ಜೆರುಸಲೇಮನ್ನು ಸುತ್ತುವರಿದು ಕೂತಿದೆ. ಗೋಡೆಗೆ ಆನಿಸಿ ಮಣ್ಣಿನ ದಿಬ್ಬ ಏರಿಸುತ್ತಿದ್ದಾರೆ. ಊರೊಳಗೆ ಹಸಿವು. ಪಟ್ಟಣ ಬಿದ್ದೇ ಬೀಳುತ್ತೆ ಅಂತ ಹೇಳಿದ್ದಕ್ಕೆ ರಾಜ ಯೆರೆಮೀಯನನ್ನು ಕಾವಲಿನ ಅಂಗಳದಲ್ಲಿ ಬಂಧಿಸಿಟ್ಟಿದ್ದಾನೆ. ಅಲ್ಲಿಗೆ ಅವನ ಚಿಕ್ಕಪ್ಪನ ಮಗ ಬಂದು, ಅನಾತೋತಿನಲ್ಲಿರುವ ನನ್ನ ಹೊಲ ಕೊಂಡುಕೋ, ಬಿಡಿಸಿಕೊಳ್ಳುವ ಹಕ್ಕು ನಿನ್ನದು ಅನ್ನುತ್ತಾನೆ. ಅನಾತೋತ್ ಜೆರುಸಲೇಮಿನಿಂದ ನಾಲ್ಕೈದು ಕಿಲೋಮೀಟರ್ ಅಷ್ಟೇ, ಗೋಡೆಯಾಚೆ, ಶತ್ರುಸೈನ್ಯ ಇರುವ ಕಡೆ. ಹಿಂದೊಮ್ಮೆ ಯೆರೆಮೀಯನನ್ನು ಕೊಲ್ಲಲು ಸಂಚು ಮಾಡಿದ್ದೂ ಅದೇ ಊರಿನವರು, ಅವನ ಹುಟ್ಟೂರಿನವರು.

ಇದಕ್ಕಿಂತ ಕೆಟ್ಟ ಡೀಲ್ ಇರೋದಕ್ಕೆ ಸಾಧ್ಯವಾ? ಆದರೂ ಅವನು ಕೊಂಡ. ಹದಿನೇಳು ಶೆಕೆಲ್ ಬೆಳ್ಳಿ, ನಮ್ಮ ಲೆಕ್ಕದಲ್ಲಿ ಸುಮಾರು 200 ಗ್ರಾಂ. ತಕ್ಕಡಿಯಲ್ಲಿ ತೂಗಿ ಕೊಟ್ಟ. ಪತ್ರ ಬರೆಸಿದ, ಸಾಕ್ಷಿಗಳಿಂದ ಸಹಿ ಹಾಕಿಸಿದ, ಒಂದು ಪ್ರತಿಗೆ ಮುದ್ರೆ ಹಾಕಿಸಿದ, ಇನ್ನೊಂದನ್ನು ತೆರೆದಿಟ್ಟ. ಎರಡನ್ನೂ ತನ್ನ ಬರಹಗಾರ ಬಾರೂಕನ ಕೈಗೆ ಕೊಟ್ಟು, ಬಹಳ ದಿನ ಉಳಿಯಬೇಕು, ಮಣ್ಣಿನ ಗಡಿಗೆಯಲ್ಲಿಡು ಅಂದ. ಪ್ರವಾದಿಯ ಗ್ರಂಥದಲ್ಲಿ ರಿಜಿಸ್ಟ್ರೇಷನ್ನಿನ ಇಷ್ಟು ವಿವರ ಯಾಕೆ ಬೇಕಿತ್ತು ಅಂತ ಮೊದಲು ಅನ್ನಿಸಿತು. ಭರವಸೆ ಅನ್ನೋದು ಮನಸ್ಸಿನ ಸ್ಥಿತಿ ಅಂತ ನಾನು ತಿಳಿದಿದ್ದೆ. ಇಲ್ಲಿ ಅದಕ್ಕೆ ತೂಕ ಇದೆ, ಸಾಕ್ಷಿ ಇದೆ, ಇಡೋಕೆ ಗಡಿಗೆ ಇದೆ.

ನನಗೆ ಇನ್ನೂ ಹಿಡಿಸಿದ್ದು ಆಮೇಲಿನ ಭಾಗ. ಎಲ್ಲ ಮುಗಿಸಿದ ಮೇಲೆ ಯೆರೆಮೀಯ ಪ್ರಾರ್ಥನೆಗೆ ನಿಲ್ಲುತ್ತಾನೆ. ದೇವರನ್ನು ಉದ್ದಕ್ಕೆ ಹೊಗಳಿ ಕೊನೆಗೆ, ದಿಬ್ಬ ಗೋಡೆ ಮುಟ್ಟಿದೆ, ಊರು ಬೀಳ್ತಾ ಇದೆ, ಇಂಥಾ ಹೊತ್ತಲ್ಲಿ ಹೊಲ ಕೊಂಡ್ಕೋ ಅಂತೀಯಲ್ಲ ಅನ್ನುವ ಅರ್ಥದಲ್ಲಿ ಕೇಳುತ್ತಾನೆ. ಅಂದರೆ ಅನುಮಾನ ತೀರಿದ ಮೇಲೆ ಅವನು ದುಡ್ಡು ಇಟ್ಟದ್ದಲ್ಲ. ಇಟ್ಟು, ಆಮೇಲೆ ಅನುಮಾನ ಪಟ್ಟ, ಅದನ್ನೂ ದೇವರ ಮುಂದೆಯೇ ಪಟ್ಟ. ಊರು ಬಿತ್ತು, ದೇವಾಲಯ ಸುಟ್ಟುಹೋಯಿತು. ಉಳಿದ ಜನ ಅವನನ್ನು ಈಜಿಪ್ಟಿಗೆ ಎಳೆದುಕೊಂಡು ಹೋದರು. ಆ ಹೊಲದಲ್ಲಿ ಅವನು ಒಂದು ದಿನವಾದರೂ ಉತ್ತ ಅಂತ ಬೈಬಲ್ ಎಲ್ಲೂ ಹೇಳುವುದಿಲ್ಲ.

ಇಷ್ಟನ್ನು ಗೆಳತಿಗೆ ಹೇಳಿದಾಗ ಅವಳು ಬಿಡಲಿಲ್ಲ. "ಸರಿ, ನಿಮ್ಮ ತಾತನ ಥರ ನಾನೂ ಸಸಿ ನೆಡ್ತೀನಿ. ದೇವರಿಲ್ಲದೇನೇ ನೆಡ್ತೀನಿ. ನಿನ್ನ ದೇವರು ನಿನಗೆ ನನಗಿಂತ ಹೆಚ್ಚಾಗಿ ಏನು ಕೊಟ್ಟ?"

ನ್ಯಾಯವಾದ ಪ್ರಶ್ನೆ. ದೇವರನ್ನು ನಂಬದವರು ನಮ್ಮಷ್ಟೇ, ಕೆಲವೊಮ್ಮೆ ನಮಗಿಂತ ಹೆಚ್ಚು ಸಸಿ ನೆಡುವುದನ್ನು ನಾನು ನೋಡಿದ್ದೀನಿ. ಅವಳಿಗೆ ಉತ್ತರ ಕೊಟ್ಟು ಗೆಲ್ಲುವ ಆಸೆ ನನಗಿಲ್ಲ. ನನ್ನ ಮಟ್ಟಿಗೆ ಇರುವ ವ್ಯತ್ಯಾಸ ಎರಡು.

ಒಂದು, ನನಗೆ ಜಗಳ ಆಡಲು ಒಬ್ಬರಿದ್ದಾರೆ. ಕೀರ್ತನೆಗಳ ಗ್ರಂಥ ತೆಗೆದು ನೋಡಿ, ಅದರಲ್ಲಿ ದೊಡ್ಡ ಪಾಲು ದೂರುಗಳೇ. ಎಷ್ಟು ದಿನ, ಯಾಕೆ ಸುಮ್ಮನಿದ್ದೀಯ, ಎಲ್ಲಿದ್ದೀಯ ಅನ್ನುವ ದೂರುಗಳು. 88ನೇ ಕೀರ್ತನೆಯಂತೂ ಕತ್ತಲೆಯಲ್ಲೇ ಮುಗಿಯುತ್ತದೆ, ಕೊನೆಗೊಂದು ಸಮಾಧಾನದ ಸಾಲೂ ಇಲ್ಲ. ಅದನ್ನು ಸೇರಿಸಿಟ್ಟವರು ಕಿತ್ತು ಹಾಕಲಿಲ್ಲ, ಪ್ರಾರ್ಥನೆ ಅಂತಲೇ ಉಳಿಸಿಕೊಂಡರು. ಯೇಸು ಶಿಲುಬೆಯ ಮೇಲೆ ಕೂಗಿದ್ದೂ ಇಂಥದ್ದೇ ಒಂದು ಕೀರ್ತನೆಯ ಮೊದಲ ಸಾಲನ್ನು. ಎಲ್ಲ ಸರಿಯಿದೆ ಅಂತ ನಟಿಸದೆ ದೇವರ ಮುಂದೆ ಕೂರಬಹುದು ಅನ್ನೋದು ನನಗೆ ಸಿಕ್ಕಿರುವ ದೊಡ್ಡ ಬಿಡುಗಡೆ. ಆ ಗುರುವಾರಗಳಲ್ಲಿ ನಾನು ಅದನ್ನು ಮಾಡಿರಲಿಲ್ಲ. ಇಂಟರ್‌ವ್ಯೂಗೆ ಹೋದವಳ ಹಾಗೆ ದೇವರ ಮುಂದೆಯೂ ಒಳ್ಳೆ ಮುಖ ಹಾಕ್ಕೊಂಡು ಕೂತಿದ್ದೆ.

ಎರಡು, ಕೊನೆಯ ಲೆಕ್ಕ ನನ್ನದಲ್ಲ. ಸಸಿ ಒಣಗಿದರೂ, ನಾನು ಫಸಲು ನೋಡದಿದ್ದರೂ, ಮಾಡಿದ್ದು ವ್ಯರ್ಥ ಅಂತ ನಾನು ಷರಾ ಬರೆಯಬೇಕಿಲ್ಲ. ಪುನರುತ್ಥಾನದ ನಂಬಿಕೆ ನನಗೆ ಹೇಳುವುದು ಇದನ್ನು. ಅದು ಎಲ್ಲವೂ ಮೊದಲಿನಂತಾಗುತ್ತೆ ಅನ್ನುವ ನಂಬಿಕೆಯೂ ಅಲ್ಲ. ಎದ್ದು ಬಂದ ಯೇಸುವಿನ ಕೈಯಲ್ಲಿ ಮೊಳೆಯ ಗಾಯ ಹಾಗೇ ಇತ್ತು, ತೋಮನಿಗೆ ತೋರಿಸಿದ್ದು ಅದನ್ನೇ. ಪಾಸ್ಖದ ಭಾನುವಾರ ಶುಕ್ರವಾರವನ್ನು ಅಳಿಸಿಹಾಕಲಿಲ್ಲ. ಇದು ನಿಜವಾ ಅಂತ ಗೆಳತಿಗೆ ನಾನು ಸಾಬೀತು ಮಾಡಿ ತೋರಿಸಲಾರೆ. ಇದರ ಮೇಲೆ ನನ್ನ ಬದುಕಿನ ತೂಕ ಇಟ್ಟಿದ್ದೀನಿ ಅಂತ ಮಾತ್ರ ಹೇಳಬಲ್ಲೆ. "ನಿದ್ದೆ ಬರುತ್ತಾ ಹಾಗಾದ್ರೆ?" ಅಂದಳು. ಕೆಲವು ದಿನ ಬರುತ್ತೆ, ಕೆಲವು ದಿನ ಇಲ್ಲ ಅಂದೆ. ಇಬ್ಬರೂ ನಕ್ಕೆವು.

ಪವಿತ್ರ ಶನಿವಾರ ಮಧ್ಯಾಹ್ನ ಚರ್ಚಿಗೆ ಹೋಗಿ ಸುಮ್ಮನೆ ಕೂತೆ. ವರ್ಷದಲ್ಲಿ ಅದೊಂದು ವಿಚಿತ್ರ ದಿನ. ರಾತ್ರಿಯ ಜಾಗರಣೆಯವರೆಗೆ ಪೂಜೆ ಇಲ್ಲ. ಪೀಠದ ಮೇಲೆ ವಸ್ತ್ರ ಇಲ್ಲ, ಹೂವಿಲ್ಲ. ಪರಮಪ್ರಸಾದ ಇಡುವ ಪೆಟ್ಟಿಗೆ ಖಾಲಿ, ಬಾಗಿಲು ತೆರೆದೇ ಇರುತ್ತೆ. ಮೂಲೆಯಲ್ಲಿ ಇಬ್ಬರು ಹೆಂಗಸರು ರಾತ್ರಿಗೆ ಬೇಕಾದ ಮೇಣದ ಬತ್ತಿಗಳಿಗೆ ಕಾಗದದ ಕಪ್ಪು ಸಿಕ್ಕಿಸ್ತಾ ಇದ್ದರು. ಯೇಸು ಸತ್ತ ಮಾರನೇ ದಿನ ಶಿಷ್ಯರು ಏನು ಮಾಡಿದರು ಅನ್ನೋದಕ್ಕೆ ಶುಭಸಂದೇಶಗಳಲ್ಲಿ ಹೆಚ್ಚು ವಿವರ ಇಲ್ಲ. ಲೂಕನಲ್ಲಿ ಮಾತ್ರ ಹೆಂಗಸರು ಸುಗಂಧದ್ರವ್ಯ, ತೈಲ ಸಿದ್ಧ ಮಾಡಿಟ್ಟು ಸಬ್ಬತ್ ದಿನ ವಿಶ್ರಮಿಸಿದರು ಅಂತ ಒಂದು ಮಾತಿದೆ. ಅವರು ಪವಾಡಕ್ಕೆ ತಯಾರಿ ಮಾಡಿರಲಿಲ್ಲ. ಹೆಣಕ್ಕೆ ಹಚ್ಚೋಕೆ ತೈಲ ತಯಾರಿಸಿದ್ದರು. ಪ್ರೀತಿಗೆ ಉಳಿದಿದ್ದ ಕೆಲಸ ಅದೊಂದೇ, ಅದನ್ನು ಅವರು ಮಾಡಿದರು. ಬೆಳಗ್ಗೆ ಸಮಾಧಿಯ ಹತ್ತಿರ ಮೊದಲು ಹೋದವರೂ ಅವರೇ.

ನಾನೂ ಹೋಗಿ ಕೂತು ಒಂದು ನೂರು ಬತ್ತಿಗೆ ಕಪ್ಪು ಸಿಕ್ಕಿಸಿದೆ. ಅವತ್ತು ಸಂಜೆ ಅಮ್ಮನಿಗೆ ಫೋನ್ ಮಾಡಿ ಕೆಲಸ ಹೋಗಿದೆ ಅಂತ ಹೇಳಿದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಊಟ ಮಾಡ್ತಿದ್ದೀಯ ತಾನೇ?" ಅಂದರು.

ಪಾಸ್ಖ ಆದ ಮುಂದಿನ ಭಾನುವಾರ ಹುಡುಗ ಬಂದ. ನಾನು ಅವನ ಪಕ್ಕ ಬೆಂಚಿನಲ್ಲಿ ಕೂತು ಹೇಳಿದ್ದು ಇಷ್ಟು. "ನಾನು ಖಂಡಿತ ಅಂದಿದ್ದೆ ಅಲ್ವಾ? ಅದು ತಪ್ಪು ಕಣೋ. ಕೆಲಸ ಸಿಗುತ್ತಾ ಅಂತ ನನಗೆ ಗೊತ್ತಿಲ್ಲ. ನನ್ನ ಕೆಲಸಾನೂ ಹೋಗಿದೆ, ನನ್ನದೂ ಗೊತ್ತಿಲ್ಲ. ಪ್ರಾರ್ಥನೆ ಬಿಡಬೇಡ. ಕೋಪ ಬಂದ್ರೆ ಅದನ್ನೂ ದೇವರ ಹತ್ತಿರಾನೇ ಹೇಳು. ಕಾಯೋವಾಗ ನೀನು ಒಬ್ಬನೇ ಇರಲ್ಲ, ಅದು ಮಾತ್ರ ನನ್ನ ಕೈಯಲ್ಲಿರೋದು, ಅದನ್ನ ಹೇಳಬಲ್ಲೆ." ಅವನ ಮುಖ ಮೊದಲ ಸಲದಷ್ಟು ಹಗುರಾಗಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ನಿಮಗೂ ಹೋಯ್ತಾ ಮಿಸ್?" ಅಂತ ಕೇಳಿದ. ಹೂಂ ಅಂದೆ. ಬ್ಯಾಗಿನಿಂದ ಬಿಸ್ಕೆಟ್ ತೆಗೆದು ಕೊಟ್ಟ.

ಇಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿರುತ್ತಿತ್ತು. ಆದರೆ ಜುಲೈನಲ್ಲಿ ನನಗೆ ಕೆಲಸ ಸಿಕ್ಕಿತು. ಸಂಬಳ ಮೊದಲಿಗಿಂತ ಕಡಿಮೆ, ಕಂತು ಕಟ್ಟೋಕೆ ಸಾಕು. ಹುಡುಗನಿಗೆ ಹೇಳಿದೆ, ಹೇಳದೇ ಮುಚ್ಚಿಡುವುದು ಸರಿ ಅನ್ನಿಸಲಿಲ್ಲ. ಅವನು ಕೇಳಬೇಕಾದ್ದನ್ನೇ ಕೇಳಿದ. "ನಿಮಗೆ ಸಿಕ್ತಲ್ಲ ಮಿಸ್, ಅಪ್ಪನಿಗೆ ಯಾಕೆ ಇಲ್ಲ?"

ನನ್ನ ಪ್ರಾರ್ಥನೆ ಗಟ್ಟಿ ಇತ್ತು, ಅವರದ್ದು ಸಡಿಲ ಇತ್ತು ಅಂತ ನಾನು ಸಾಯೋವರೆಗೂ ಹೇಳಲಾರೆ. ಚರ್ಚಿನಲ್ಲಿ ಮೈಕ್ ಹಿಡಿದು ಸಾಕ್ಷಿ ಹೇಳಮ್ಮಾ ಅಂದವರಿಗೂ ಇದೇ ಕಾರಣಕ್ಕೆ ಬೇಡ ಅಂದೆ. ನನಗೆ ಸಿಕ್ಕಿದ್ದಕ್ಕೆ ಕೃತಜ್ಞತೆ ಇದೆ. ಅದನ್ನು ಇನ್ನೊಬ್ಬರಿಗೆ ಸಿಗದಿದ್ದಕ್ಕೆ ವಿವರಣೆಯಾಗಿ ಬಳಸೋದು ಪಾಪ ಅಂತ ಈಗ ಅನ್ನಿಸುತ್ತೆ. ಹನನ್ಯನಿಗೆ ಎಲ್ಲದಕ್ಕೂ ವಿವರಣೆ ಇತ್ತು. ನಾನು "ಗೊತ್ತಿಲ್ಲ ಕಣೋ" ಅಂದೆ. ಆಮೇಲೆ, "ಅಪ್ಪನ್ನ ಶನಿವಾರ ಕರ್ಕೊಂಡು ಬಾ" ಅಂದೆ.

ಅವರು ಒಂದು ಫ್ಯಾಕ್ಟರಿಯ ಸ್ಟೋರ್ಸ್‌ನಲ್ಲಿ ಹತ್ತೊಂಬತ್ತು ವರ್ಷ ಕೆಲಸ ಮಾಡಿದವರು. ಸದ್ಯಕ್ಕೆ ರಾತ್ರಿ ಪಾಳಿಯಲ್ಲಿ ಗೋಡೌನ್ ಒಂದರಲ್ಲಿ ದಿನಗೂಲಿಗೆ ಹೋಗ್ತಾರೆ. ಸಂಕೋಚದಿಂದ ಕುರ್ಚಿ ತುದಿಯಲ್ಲಿ ಕೂತಿದ್ದರು. ಜೀವನದಲ್ಲಿ ಒಂದು ಸಲವೂ ರೆಸ್ಯೂಮೆ ಬರೆದವರಲ್ಲ. ಸ್ಟಾಕ್ ಲೆಕ್ಕದಲ್ಲಿ ಎಷ್ಟು ಸಾವಿರ ಐಟಂ ಅವರ ತಲೆಯಲ್ಲಿತ್ತು ಅಂತ ಕೇಳ್ತಾ ಕೇಳ್ತಾ ಎರಡು ಪುಟ ಆಯಿತು. ಇಲ್ಲಿಯವರೆಗೆ ಆರು ಕಡೆ ಕಳಿಸಿದ್ದೀವಿ. ಒಂದು ಕಡೆಯಿಂದ ಫೋನ್ ಬಂದಿತ್ತು, ವಯಸ್ಸು ಕೇಳಿ ಇಟ್ಟುಬಿಟ್ಟರು. ಎಕ್ಸೆಲ್ ಕಲೀತಾ ಇದ್ದಾರೆ, ಮಗ ಪಕ್ಕದಲ್ಲಿ ಕೂತು ತಪ್ಪು ತಿದ್ದುತ್ತಾನೆ.

ಹೋದ ಶನಿವಾರ ಅವರ ಹಳೇ ಸರ್ಟಿಫಿಕೇಟುಗಳನ್ನೆಲ್ಲ ಸ್ಕ್ಯಾನ್ ಮಾಡಿದೆವು. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನ ಮಡಿಕೆ ಹರಿದಿತ್ತು, ಟೇಪ್ ಹಚ್ಚಿದೆ. ಹುಡುಗ ಎಲ್ಲವನ್ನೂ ಜೋಡಿಸಿ ಪ್ಲಾಸ್ಟಿಕ್ ಕವರಿನೊಳಗೆ ಹಾಕಿ, ಮಳೆ ಬಂದರೆ ನೆನೆಯಬಾರದು ಅಂತ ಅದರ ಮೇಲೆ ಇನ್ನೊಂದು ಕವರ್ ಸುತ್ತಿದ. ಬಾಗಿಲ ಹತ್ತಿರ ಅವನಪ್ಪ ಚಪ್ಪಲಿ ಹಾಕ್ಕೊಳ್ತಾ, "ಮುಂದಿನ ಶನಿವಾರ ಬರ್ಬೋದಾ ಮೇಡಂ?" ಅಂದರು.

ಬನ್ನಿ ಅಂದೆ.